ಗಂಟಲಿನ ಒಕ್ಕಲು

“ಅಮ್ಮಾ, ನನಗೆ ಕಾಯಿಲೆಯೇ ಇಲ್ಲ. ಹಾಗಿರುವಾಗ ನನ್ನ ಗಂಟಲಲ್ಲಿ ಇರುವುದು ರೋಗಾಣು ಹೇಗಾಗುತ್ತದೆ?”

ಹೀಗೆ ಕೇಳಿದವಳು ಶಿಷ್ಯೆ. ಅವಳ ಹೆಸರು ಚಂಪಕ. ಹೆರಿಗೆ ಆಸ್ಪತ್ರೆಯಲ್ಲಿ ದಾದಿಯ ಕೆಲಸ ಕಲಿಯುತ್ತಿದ್ದಳು. ಕೇಳಿಸಿಕೊಂಡವರು ಅವಳ ಗುರು. ವಯಸ್ಸಾದ ಹೆಂಗಸು. ಬಹಳ ವರ್ಷ ಹೆರಿಗೆ ಮಾಡಿಸಿ, ಈಗ ಹೊಸಬರಿಗೆ ಪಾಠ ಹೇಳುತ್ತಿದ್ದರು.

ಅಂದು ಬೆಳಿಗ್ಗೆ ಗಾಜಿನ ತಟ್ಟೆಯೊಂದು ಒಡೆದು ಗುರುವಿನ ಅಂಗೈ ಸೀಳಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಸಣ್ಣ ಗಾಯವೂ ಬೇಗ ಮಾಯುತ್ತಿರಲಿಲ್ಲ. ಶಿಷ್ಯೆ ಎದುರು ಕೂತು ಗಾಯ ತೊಳೆದಳು. ಔಷಧಿ ಹಚ್ಚಿದಳು. ಉರಿ ತಾಳಲಾರದೆ ಗುರು ಹಲ್ಲು ಕಚ್ಚಿದರು. ಶಿಷ್ಯೆ ಬಗ್ಗಿ, ಬಿದ್ದು ಬಂದ ಮಗುವಿಗೆ ಮಾಡುವಂತೆ ಉಫ್ ಉಫ್ ಎಂದು ಊದಿದಳು. ಆಮೇಲೆ ಬಟ್ಟೆ ಸುತ್ತುತ್ತ ಈ ಪ್ರಶ್ನೆ ಕೇಳಿದಳು.

ಪ್ರಶ್ನೆಗೆ ಕಾರಣವಿತ್ತು. ವಾರ್ಡಿನಲ್ಲಿ ಇಬ್ಬರು ಬಾಣಂತಿಯರಿಗೆ ಜ್ವರ ಬಂದಿತ್ತು. ಒಬ್ಬಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ವಾರ್ಡಿಗೆ ಹೋಗಿ ಬರುವವರೆಲ್ಲರ ಗಂಟಲಿನಿಂದ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದು, ಜೀವಿಗಳು ಬೆಳೆದು ಕಾಣಲೆಂದು ರಕ್ತ ಬೆರೆಸಿದ ತಟ್ಟೆಗಳಿಗೆ ಸವರಿ ಇಟ್ಟಿದ್ದರು. ಬೇರೆಯವರ ತಟ್ಟೆಗಳಲ್ಲಿ ಬಾಯಲ್ಲಿ ಎಂದೂ ಇರುವ ಜೀವಿಗಳೇ ಬೆಳೆದಿದ್ದವು. ಚಂಪಕಳ ತಟ್ಟೆಯಲ್ಲಿ ಮಾತ್ರ ಸಣ್ಣ ಚುಕ್ಕೆಗಳು ಎದ್ದು, ಪ್ರತಿ ಚುಕ್ಕೆಯ ಸುತ್ತ ರಕ್ತ ಕರಗಿ ಬಳೆಯಂತೆ ತಿಳಿಯಾಗಿತ್ತು. ಬಾಣಂತಿ ಜ್ವರ ತರುವ ಜೀವಿ ಬೆಳೆಯುವುದು ಹಾಗೆ. ವಾರ್ಡಿಗೆ ಹೋಗಬೇಡ ಎಂದು ಅವಳಿಗೆ ಹೇಳಿದ್ದರು.

“ನೆಗಡಿ ಕೂಡ ಇಲ್ಲ ನನಗೆ,” ಎಂದಳು ಶಿಷ್ಯೆ. “ಆಯಾಗಳು ನನ್ನ ಕಂಡರೆ ಸೆರಗು ಮೂಗಿಗೆ ಹಿಡಿಯುತ್ತಿದ್ದಾರೆ. ಕಿಟಕಿ ಪಕ್ಕದ ಹಾಸಿಗೆಯ ಹುಡುಗಿ ಇವತ್ತೋ ನಾಳೆಯೋ ಹೆರುತ್ತಾಳೆ. ಚಂಪಕಕ್ಕ ಪಕ್ಕದಲ್ಲಿ ಇಲ್ಲದಿದ್ದರೆ ನಾನು ಹೆರುವುದೇ ಇಲ್ಲ ಎಂದು ಅಳುತ್ತಾಳೆ. ತಾಯಿಯಿಲ್ಲದ ಹುಡುಗಿ ಅಮ್ಮ. ಒಂದು ಗಳಿಗೆ ಹೋಗಿ ಕೈ ಹಿಡಿದು ಬಂದರೆ ಏನಾಗುತ್ತದೆ?”

ಗುರು ಹೇಳಿದರು:

“ನಿನ್ನ ಚರ್ಮದ ಮೇಲೆ, ಬಾಯಲ್ಲಿ, ಕರುಳಲ್ಲಿ ಬ್ಯಾಕ್ಟೀರಿಯಾಗಳು ಲೆಕ್ಕಕ್ಕೆ ಸಿಗದಷ್ಟಿವೆ. ಹುಟ್ಟುವಾಗ ತಾಯಿಯ ಮೈಯಿಂದ ಮೊದಲು ಬಂದವು. ಆಮೇಲೆ ಹಾಲಿನಿಂದ, ನೆಲದಿಂದ, ಎತ್ತಿಕೊಂಡವರ ಕೈಯಿಂದ ಬಂದವು. ಅವು ನಿನ್ನ ಒಕ್ಕಲುಗಳು. ಕೆಲವು ನೀನು ಉಂಡದ್ದನ್ನು ಅರಗಿಸಲು ನೆರವಾಗುತ್ತವೆ. ಕೆಲವು ಏನೂ ಮಾಡದೆ ಜಾಗ ಹಿಡಿದು ಕೂತಿವೆ. ಹಾಗೆ ಕೂತಿರುವುದೇ ಅವು ಮಾಡುವ ಉಪಕಾರ. ಹೊರಗಿನವು ಬಂದರೆ ಕಾಲಿಡಲು ಎಡೆ ಸಿಗುವುದಿಲ್ಲ.”

“ಅವು ಒಳ್ಳೆಯವು, ಗೊತ್ತು. ಇದು ಕೆಟ್ಟದ್ದು ಎನ್ನುತ್ತೀರಿ. ಕೆಟ್ಟದ್ದಾದರೆ ನನಗೇಕೆ ಏನೂ ಮಾಡಿಲ್ಲ? ಯಾವುದು ಒಕ್ಕಲು, ಯಾವುದು ಕೊಲೆಗಾರ ಎನ್ನಲು ಒಂದು ಗುರುತು ಬೇಡವೇ?”

“ಗುರುತು ಕೇಳುತ್ತೀಯ. ಕೂತುಕೋ. ಒಂದು ಕತೆ ಹೇಳುತ್ತೇನೆ.”

ಗುರು ಹೇಳಿದ ಕತೆ ಇದು.

ನೇಕಾರರ ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಚಿಕ್ಕ ವಯಸ್ಸಿಗೆ ಗಂಡ ಸತ್ತಿದ್ದ. ಕೈಯಲ್ಲಿ ಒಂದು ಹೆಣ್ಣುಮಗು. ಯಾರೂ ಅವಳಿಗೆ ಕೆಲಸ ಕಲಿಸಲಿಲ್ಲ. ಬೇರೆ ಸೂಲಗಿತ್ತಿಯರು ಬಾಗಿಲು ಮುಚ್ಚಿಕೊಂಡು ಹೆರಿಗೆ ಮಾಡಿಸುತ್ತಿದ್ದರು. ಇವಳು ನೀರು ಕಾಯಿಸಿ ಕೊಡುವ ನೆವದಲ್ಲಿ ಒಳಗೆ ಹೋಗಿ, ನೋಡಿ ನೋಡಿ ಕಲಿತಳು. ಅಡ್ಡ ತಿರುಗಿದ ಮಗುವನ್ನು ಹೊಟ್ಟೆಯ ಮೇಲಿಂದಲೇ ಸವರಿ ನೇರ ಮಾಡುವಳು. ಉಸಿರಾಡದ ಮಗುವನ್ನು ಅಳಿಸುವಳು. ಅವಳಿಗೆ ತನ್ನ ಕೆಲಸದ ಹೆಮ್ಮೆ ಬಹಳ. ಬೇರೆ ಊರಿನ ಸೂಲಗಿತ್ತಿಯರ ಮಾತು ಬಂದರೆ, “ಅವರು ಮಗು ಹಿಡಿಯುತ್ತಾರೆ, ಅಷ್ಟೇ. ಬಿದ್ದ ಹಲಸಿನ ಹಣ್ಣನ್ನೂ ಹಿಡಿಯಬಹುದು,” ಎನ್ನುವಳು.

ಅವಳಲ್ಲಿ ಒಂದು ಪದ್ಧತಿ ಇತ್ತು. ಅದಕ್ಕೆ ಊರವರು ಉಸಿರು ಕೊಡುವುದು ಎನ್ನುತ್ತಿದ್ದರು. ಮಗು ಹುಟ್ಟಿ, ಕಸ ಎನ್ನುವ ಮಾಸು ಬಿದ್ದು, ಎಲ್ಲ ಮುಗಿದ ಮೇಲೆ ಹಳೆಯ ಹತ್ತಿಬಟ್ಟೆಯೊಂದನ್ನು ಮಡಿಸಿ ತರುವಳು. ಒಗೆದು, ಕುದಿಸಿ, ಬಿಸಿಲಿಗೆ ಹಾಕಿದ ಬಟ್ಟೆ. ಅದನ್ನು ತುಟಿಗೆ ಹತ್ತಿರ ಹಿಡಿದು, ತನ್ನ ಮನೆದೇವತೆಯ ಹೆಸರನ್ನು ಮೆಲ್ಲಗೆ ಹೇಳಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಅದರ ಮೇಲೆ ಊದುವಳು. ಆ ಬಟ್ಟೆಯನ್ನು ಹೆತ್ತವಳ ಹಸಿ ಗಾಯಕ್ಕೆ ಒತ್ತಿ ಇಟ್ಟು ಸೊಂಟ ಬಿಗಿಯುವಳು. ಅವಳ ಉಸಿರು ಬಿದ್ದ ಬಾಣಂತಿಗೆ ಏನೂ ಆಗುವುದಿಲ್ಲ ಎಂಬುದು ಊರವರ ನಂಬಿಕೆ. ಬಹಳ ವರ್ಷ ಹಾಗೆಯೇ ನಡೆಯಿತು.

ಒಂದು ಚಳಿಗಾಲದಲ್ಲಿ ಊರಿನ ಮಕ್ಕಳಿಗೆ ಗಂಟಲ ಬೇನೆ ಬಂತು. ಜ್ವರ ಬಂದು, ಗಂಟಲು ಕೆಂಪಾಗಿ, ಉಗುಳು ನುಂಗಲಾರದೆ ಅತ್ತವು. ಸೂಲಗಿತ್ತಿಗೂ ಬಂತು. ಮೆಣಸಿನ ಕಷಾಯ ಕುಡಿದು ಮಲಗಿ ಎದ್ದಳು. ವಾಸಿಯಾಯಿತು.

ಬೇನೆ ಹೋಯಿತು. ಬೇನೆ ತಂದದ್ದು ಹೋಗಲಿಲ್ಲ. ಅದು ಅವಳ ಗಂಟಲಿನ ಮಡಿಕೆಯಲ್ಲಿ ಉಳಿಯಿತು. ಅವಳ ಮೈ ಅದರೊಡನೆ ಜಗಳ ಮುಗಿಸಿತ್ತು. ಅದೂ ಅವಳ ತಂಟೆಗೆ ಹೋಗಲಿಲ್ಲ. ಅವಳು ಉಂಡಾಗ ಅದೂ ಉಂಡಿತು. ಅವಳಿಗೆ ಕೆಮ್ಮಿಲ್ಲ, ಉರಿಯಿಲ್ಲ. ತನ್ನೊಳಗೆ ಒಂದು ಹೊಸ ಒಕ್ಕಲು ಬಂದಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಆ ಚಳಿಗಾಲದ ಕೊನೆಗೆ ಗಾಣಿಗರ ಸೊಸೆ ಹೆತ್ತಳು. ಸುಲಭದ ಹೆರಿಗೆ. ಸೂಲಗಿತ್ತಿ ಉಸಿರು ಕೊಟ್ಟು ಮನೆಗೆ ಬಂದಳು. ಸ್ವಲ್ಪ ದಿನಕ್ಕೆ ಆ ಸೊಸೆಗೆ ಚಳಿ ಹಿಡಿಯಿತು. ಮೈ ಬಿಸಿಯಾಯಿತು. ಹೊಟ್ಟೆ ಬಿಗಿಯಿತು. ಅವಳು ಮಗುವಿನ ಹೆಸರು ಕೇಳುತ್ತ, ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ ಎಂಬುದನ್ನು ಮರೆಯುತ್ತ, ಸತ್ತಳು. ಹಣೆಯಲ್ಲಿ ಬರೆದದ್ದು ಎಂದರು ಜನ.

ಆಮೇಲೆ ಹೆತ್ತ ನೇಕಾರನ ಹೆಂಡತಿಗೆ ಏನೂ ಆಗಲಿಲ್ಲ.

“ಅವಳಿಗೂ ಉಸಿರು ಕೊಟ್ಟಿದ್ದಳೇ?” ಎಂದು ಶಿಷ್ಯೆ ನಡುವೆ ಕೇಳಿದಳು.

“ಕೊಟ್ಟಿದ್ದಳು. ಬಿದ್ದ ಬೀಜವೆಲ್ಲ ಮೊಳೆಯುವುದಿಲ್ಲ. ಕೆಲವರ ಮೈ ತಡೆಯುತ್ತದೆ, ಕೆಲವರದು ತಡೆಯುವುದಿಲ್ಲ. ಸೂಲಗಿತ್ತಿ ದಾರಿ ತಪ್ಪಿದ್ದು ಅಲ್ಲಿಯೇ. ಎಲ್ಲರೂ ಸತ್ತಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು.”

ಗುರು ಕತೆ ಮುಂದುವರಿಸಿದರು.

ನೇಕಾರನ ಹೆಂಡತಿ ಉಳಿದಳು. ಕುಂಬಾರನ ಹೆಂಡತಿ ಸತ್ತಳು. ಅದೇ ಚಳಿ, ಅದೇ ಬಿಗಿದ ಹೊಟ್ಟೆ. ಮತ್ತೊಬ್ಬಳು ಉಳಿದಳು. ಮತ್ತೊಬ್ಬಳು ಸತ್ತಳು. ಈಗ ಜನ ಹಣೆಯ ಮಾತು ಬಿಟ್ಟರು.

ಬಾವಿಯ ಕಟ್ಟೆಯಲ್ಲಿ ಒಬ್ಬಳು ಹೆಂಗಸು ಅವಳನ್ನು ತಡೆದು ನಿಲ್ಲಿಸಿದಳು. “ನಮ್ಮ ಸೊಸೆಗೆ ತಿಂಗಳು ತುಂಬಿದೆ ಕಣಕ್ಕ. ನೀನು ಬರಬೇಡ. ಎಲ್ಲಿದ್ದೀಯೋ ಅಲ್ಲಿಂದಲೇ ಹರಸು, ಸಾಕು.”

“ನಿನ್ನ ಮಗನನ್ನು ನಿನ್ನ ಹೊಟ್ಟೆಯಿಂದ ತೆಗೆದವಳು ನಾನು,” ಎಂದಳು ಸೂಲಗಿತ್ತಿ.

“ಅದಕ್ಕೇ ಮರ್ಯಾದೆಯಿಂದ ಹೇಳುತ್ತಿದ್ದೇನೆ.”

ಸೂಲಗಿತ್ತಿ ಕೊಡವನ್ನು ಅರ್ಧ ತುಂಬಿಸಿಕೊಂಡೇ ಮನೆಗೆ ಬಂದಳು. ತನ್ನ ಕೈಗಳನ್ನು ನೋಡಿಕೊಂಡಳು. ತಪ್ಪೇನಾದರೂ ಇದ್ದರೆ ಕೈಯಲ್ಲೇ ಇರಬೇಕು ಎಂದುಕೊಂಡಳು. ಕೆಲಸ ಮಾಡಿದ್ದು ಕೈ ತಾನೇ. ಅಂದಿನಿಂದ ಕೈ ತೊಳೆಯುವುದೇ ಅವಳ ಕೆಲಸವಾಯಿತು. ಅಗಸರು ಬಟ್ಟೆಗೆ ಹಾಕುವ ಚೌಳು ಮಣ್ಣಿನಲ್ಲಿ ತಿಕ್ಕಿದಳು. ಸುಣ್ಣದ ನೀರಿನಲ್ಲಿ ಅದ್ದಿದಳು. ತೆಂಗಿನ ನಾರಿನಿಂದ ಉಜ್ಜಿದಳು. ಹೊಕ್ಕುಳು ಕೊಯ್ಯುವ ಕತ್ತಿಯನ್ನು ಕೆಂಡದಲ್ಲಿಟ್ಟಳು. ಉಡುವ ಸೀರೆಯನ್ನು ಕುದಿಸಿದಳು. ಉಸಿರು ಕೊಡುವ ಬಟ್ಟೆಯನ್ನು ಮೊದಲಿಗಿಂತ ಹೆಚ್ಚು ಹೊತ್ತು ಕುದಿಸಿದಳು.

ಕೈಯ ಮೇಲೆ ಇದ್ದವೆಲ್ಲ ಹಗೆಗಳಲ್ಲ. ಅಲ್ಲಿಯೂ ಒಕ್ಕಲುಗಳಿದ್ದವು, ಅವಳು ಹುಟ್ಟಿದಾಗಿನಿಂದ ಇದ್ದವು. ಚೌಳು ಮತ್ತು ಸುಣ್ಣ ಅವನ್ನೂ ಓಡಿಸಿದವು. ಚರ್ಮ ಒಣಗಿ ಬಿರಿಯಿತು. ಬಿರುಕಿನಲ್ಲಿ ಬೇರೆ ಯಾವುದೋ ಬಂದು ಸೇರಿ ಬೆರಳು ಬಾತು ಕೀವಾಯಿತು. ಕೈ ತೊಳೆದದ್ದು ತಪ್ಪಲ್ಲ. ಚರ್ಮ ಸುಲಿಯುವವರೆಗೆ ತೊಳೆದದ್ದು ಭಯ.

ಆ ದಿನಗಳಲ್ಲಿ ಊರಿಗೆ ಒಬ್ಬ ವೈದ್ಯ ಬಂದ. ಮಕ್ಕಳಿಗೆ ಸಿಡುಬಿನ ಸೂಜಿ ಹಾಕಲು ಬಂದವನು. ಸೂಲಗಿತ್ತಿ ಬೆರಳು ತೋರಿಸಲು ಹೋದಳು. ವೈದ್ಯ ಕೀವು ತೆಗೆದು ಕಟ್ಟು ಕಟ್ಟಿದ. ಬೆರಳು ಯಾಕೆ ಹೀಗಾಯಿತು ಎಂದು ಕೇಳಿದ. ಅವಳು ಸತ್ತವರ ವಿಷಯ ಹೇಳಿದಳು. ವೈದ್ಯ ಬಹಳ ಹೊತ್ತು ಕೇಳಿದ. ಆಮೇಲೆ ಬಾಯಿ ತೆರೆ ಎಂದ. ಹತ್ತಿಯ ಕಡ್ಡಿ ಗಂಟಲಿಗೆ ತಾಗಿಸಿ, ಗಾಜಿನ ಕೊಳವೆಯಲ್ಲಿ ಹಾಕಿಕೊಂಡು ಪಟ್ಟಣಕ್ಕೆ ಹೋದ.

ಮತ್ತೆ ಬಂದಾಗ ಅವಳನ್ನು ಮರದ ನೆರಳಿಗೆ ಕರೆದು ಹೇಳಿದ. “ನಿನ್ನ ಕೈಯಲ್ಲಲ್ಲ ತಾಯಿ. ಗಂಟಲಲ್ಲಿದೆ. ಬಾಣಂತಿಯರನ್ನು ಕೊಂದ ಜ್ವರಕ್ಕೆ ಕಾರಣವಾಗುವ ಜೀವಿ ಅದು.”

“ನನ್ನ ಗಂಟಲಲ್ಲಿ ವಿಷ ಇದ್ದರೆ ಮೊದಲು ಸಾಯಬೇಕಾದವಳು ನಾನಲ್ಲವಾ ಸ್ವಾಮಿ?”

“ನಿನಗೆ ಅದು ಒಕ್ಕಲು ಇದ್ದ ಹಾಗೆ. ನಿನ್ನ ಮೈ ಅದಕ್ಕೆ ಒಗ್ಗಿಕೊಂಡಿದೆ.”

ಸೂಲಗಿತ್ತಿ ನಕ್ಕಳು. “ನನ್ನ ಮನೆಯಲ್ಲಿ ತೆಪ್ಪಗೆ ಉಂಡು ಮಲಗುವವನು ಪಕ್ಕದ ಮನೆಗೆ ಹೋಗಿ ಕೊಲೆ ಮಾಡುತ್ತಾನಾ? ಚೆನ್ನಾಗಿದೆ ನಿಮ್ಮ ಓದು.”

“ನಿನ್ನ ಮನೆಗೆ ಗೋಡೆ ಇದೆ, ಬಾಗಿಲಿದೆ. ಹೆತ್ತವಳ ಒಳಗು ಆ ಹೊತ್ತಿಗೆ ಗೋಡೆ ಬಿದ್ದ ಮನೆ. ಅಲ್ಲಿ ಅದು ಬೇರೆ ಥರ ಬೆಳೆಯುತ್ತದೆ.”

“ಅದಕ್ಕೆ ಔಷಧಿ ಕೊಡಿ.”

“ಇದಕ್ಕೆ ಔಷಧಿ ಇನ್ನೂ ಬಂದಿಲ್ಲ. ಅದು ತಾನಾಗಿ ಬಿಟ್ಟುಹೋಗಬಹುದು. ಹೋದದ್ದೂ ನಿನಗೆ ಗೊತ್ತಾಗುವುದಿಲ್ಲ. ಅಲ್ಲಿಯವರೆಗೆ ಹೆರಿಗೆ ಮನೆಗೆ ಹೋಗಬೇಡ. ಹೋಗಲೇಬೇಕಾಗಿ ಬಂದರೆ ಮೂಗು ಬಾಯಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿಕೋ.”

ಅದು ಆಗಿನ ಕಾಲ. ಗುಳಿಗೆ ಬಂದದ್ದು ಆಮೇಲೆ.

ಸೂಲಗಿತ್ತಿ ವೈದ್ಯನನ್ನು ಪೂರ್ತಿ ನಂಬಲಿಲ್ಲ. ಪೂರ್ತಿ ನಂಬದೆಯೂ ಇರಲಿಲ್ಲ. ಅವಳು ಕೆಲಸ ಬಿಟ್ಟಳು. ಬಿಡುವುದು ಕಷ್ಟವೇನಾಗಲಿಲ್ಲ, ಆ ಹೊತ್ತಿಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ತಾನೇ ಬಿಟ್ಟೆ ಎಂದು ಹೇಳಿಕೊಳ್ಳಲು ಮಾತ್ರ ಅನುಕೂಲವಾಯಿತು.

ಅಷ್ಟರಲ್ಲಿ ಅವಳ ಮಗಳು ಬಸುರಾದಳು. ಮಗಳ ಹೆಸರು ನಿಂಗಿ. ಒಬ್ಬಳೇ ಮಗಳು. ಗಂಡನ ಮನೆ ಹೊಳೆಯಾಚೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನಿಂಗಿ ತುಂಬಿದ ಹೊಟ್ಟೆ ಹೊತ್ತು ದೋಣಿ ಹತ್ತಿ ಬಂದಳು. ದಡದಲ್ಲಿ ನಿಂತಿದ್ದ ತಾಯಿಯನ್ನು ಕಂಡು ದೋಣಿಯಿಂದಲೇ ಕೂಗಿದಳು. “ಅವ್ವಾ, ಈ ಕೂಸು ಒದೆಯುವುದು ನೋಡಿದರೆ ನಿನ್ನಂತೆಯೇ ಹಟಮಾರಿ ಕಣೇ.”

ತಾಯಿ ನಗಲಿಲ್ಲ. ಮಗಳ ಗಂಟನ್ನು ಇಳಿಸಿಕೊಂಡಳು.

ತಾನು ಮಗಳನ್ನು ಮುಟ್ಟುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ಮರುದಿನ ಪಕ್ಕದ ಊರಿಗೆ ಹೋದಳು. ಅಲ್ಲಿ ಒಬ್ಬ ಸೂಲಗಿತ್ತಿ ಇದ್ದಳು, ವಯಸ್ಸಿನಲ್ಲಿ ಚಿಕ್ಕವಳು. ಹಲಸಿನ ಹಣ್ಣಿನ ಮಾತು ಹೇಳಿದ್ದು ಅವಳನ್ನು ಕುರಿತೇ. ಆ ಮಾತು ಅವಳ ಕಿವಿಗೂ ಬಿದ್ದಿತ್ತು.

“ಏನಕ್ಕ, ನನ್ನ ಮನೆ ಬಾಗಿಲಿಗೆ ನೀನು? ಹಲಸಿನ ಹಣ್ಣು ಹಿಡಿಸಲು ಕರೆಯೋಕೆ ಬಂದೆಯಾ?”

“ಆಡಿಕೊಳ್ಳುವುದಿದ್ದರೆ ಆಡಿಕೋ. ಅದಕ್ಕೆ ತಕ್ಕವಳೇ ನಾನು. ಆದರೆ ಬಾ.”

ಚಿಕ್ಕವಳು ಅವಳ ಮುಖ ನೋಡಿದಳು. ಮತ್ತೆ ಆಡಿಕೊಳ್ಳಲಿಲ್ಲ. ಬರುತ್ತೇನೆ ಎಂದಳು.

ನಿಂಗಿಗೆ ನೋವು ಬಂದ ದಿನ ತಾಯಿ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊಸಿಲಾಚೆ ಕೂತಳು. ಒಳಗೆ ಮಗಳು ಕೂಗುತ್ತಿದ್ದಳು. ಎದ್ದು ಹೋಗಲು ಅವಳ ಕಾಲು ಎಳೆಯುತ್ತಿತ್ತು. ಹೋಗಲಿಲ್ಲ. ಊರಿನ ಎಲ್ಲ ಹೆರಿಗೆಗಳನ್ನು ಒಳಗಿನಿಂದ ಕಂಡವಳು ತನ್ನ ಮಗಳ ಹೆರಿಗೆಯನ್ನು ಗೋಡೆಯ ಈಚೆಯಿಂದ ಕೇಳಿದಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮಗು ಅತ್ತಿತು. ಹೆಣ್ಣು. ಕಸ ಬಿತ್ತು. ರಕ್ತ ನಿಂತಿತು. ಚಿಕ್ಕ ಸೂಲಗಿತ್ತಿ ಒಳ್ಳೆಯ ಕೆಲಸಗಾತಿ. ಎಲ್ಲ ಸರಿಯಾಗಿ ಮುಗಿಯಿತು.

ಆಗ ನಿಂಗಿ ಒಳಗಿನಿಂದ ಕರೆದಳು. “ಅವ್ವಾ, ಉಸಿರು ಕೊಡು ಬಾ.”

ತಾಯಿ ಅಲ್ಲಾಡಲಿಲ್ಲ. “ಬೇಡ ಮಗಳೇ. ಅವಳು ಬಟ್ಟೆ ಕಟ್ಟುತ್ತಾಳೆ ಬಿಡು.”

“ಊರಿನ ಹೆಂಗಸರಿಗೆಲ್ಲ ಕೊಟ್ಟೆ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಇಲ್ಲವಾ? ನಾನೇನು ಹೊಳೆಯಲ್ಲಿ ತೇಲಿ ಬಂದವಳಾ?”

“ಹಾಗಲ್ಲ ನಿಂಗೀ.”

“ಮತ್ತೆ ಹೇಗೆ?”

ವೈದ್ಯ ಹೇಳಿದ್ದನ್ನು ಹೇಳಬಹುದಿತ್ತು. ಹೇಳಿದರೆ ಗಾಣಿಗರ ಸೊಸೆಯನ್ನು, ಕುಂಬಾರನ ಹೆಂಡತಿಯನ್ನು ತಾನೇ ಕೊಂದೆ ಎಂದು ಒಪ್ಪಿಕೊಂಡ ಹಾಗೆ. ಆ ಮಾತು ಬಾಯಿಗೆ ಬರಲಿಲ್ಲ. ಚಿಕ್ಕ ಸೂಲಗಿತ್ತಿ ಮಡಿಸಿದ ಬಟ್ಟೆ ಹಿಡಿದು ಬಾಗಿಲಿಗೆ ಬಂದಳು. “ಬಾಣಂತಿ ಅಳುತ್ತಿದ್ದಾಳೆ ಅಕ್ಕ. ಅತ್ತರೆ ಒಳ್ಳೆಯದಲ್ಲ. ನೀನು ಮುಟ್ಟಬೇಡ, ನಾನೇ ಇಡುತ್ತೇನೆ. ಒಂದು ಉಸಿರು ಊದಿ ಕೊಡು.”

ಸೂಲಗಿತ್ತಿ ಆ ಬಟ್ಟೆಯನ್ನು ನೋಡಿದಳು. ಕುದಿಸಿದ ಬಟ್ಟೆ, ಬಿಸಿಲು ಕಂಡ ಬಟ್ಟೆ. ಮಗಳನ್ನು ತಾನು ಮುಟ್ಟಿಲ್ಲ. ಎಂಜಲು ಕೊಳೆ, ಬೆವರು ಕೊಳೆ, ಕೈ ಕೊಳೆಯಾಗಬಹುದು. ದೇವತೆಯ ಹೆಸರು ಹೊತ್ತ ಉಸಿರು ಕೊಳೆಯಾಗುವುದು ಹೇಗೆ? ಅವಳು ಜೀವನವಿಡೀ ಕೊಳೆಯೊಡನೆ ಹೋರಾಡಿದ್ದಳು. ಉಸಿರು ಆ ಲೆಕ್ಕದೊಳಗೆ ಎಂದೂ ಬಂದಿರಲಿಲ್ಲ.

ಅವಳು ಎದ್ದು ನಿಂತಳು. ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದ ಬಾಯಿಬಟ್ಟೆಯನ್ನು ಬಿಚ್ಚಿದಳು. ಗುಡಿಯ ಮುಂದೆ ಚಪ್ಪಲಿ ಬಿಡುವ ಹಾಗೆ, ಮರ್ಯಾದೆಗೆ ಬಿಚ್ಚಿದಳು. ಬಾಯಿ ಮುಚ್ಚಿಕೊಂಡು ದೇವತೆಯ ಹೆಸರು ಹೇಳುವುದು ಹೇಗೆ ಎಂದುಕೊಂಡಳು. ಬಟ್ಟೆಯನ್ನು ತುಟಿಗೆ ಹತ್ತಿರ ಹಿಡಿದಳು. ಹೆಸರು ಹೇಳಿದಳು. ಒಬ್ಬಳೇ ಮಗಳು. ಬೇರೆಯವರಿಗೆ ಕೊಟ್ಟದ್ದಕ್ಕಿಂತ ಉದ್ದದ ಉಸಿರು ಕೊಟ್ಟಳು.

ಬಟ್ಟೆ ಒಳಗೆ ಹೋಯಿತು. ನಿಂಗಿ ಕಣ್ಣು ಒರೆಸಿಕೊಂಡಳು. “ಈಗ ಸರಿ,” ಎಂದಳು.

ಕೆಲವು ದಿನ ಚೆನ್ನಾಗಿದ್ದಳು. ಮಗುವಿಗೆ ಹಾಲು ಕೊಟ್ಟಳು. ಅದರ ಮೂಗು ಅತ್ತೆಯದು ಎಂದು ಬೇಸರ ಮಾಡಿಕೊಂಡಳು. ಒಂದು ಬೆಳಿಗ್ಗೆ, ಅವ್ವ, ಯಾಕೋ ಚಳಿ, ಕಂಬಳಿ ಕೊಡು ಎಂದಳು.

ಸೂಲಗಿತ್ತಿ ಕಂಬಳಿ ಹೊದಿಸಿದಳು. ಹೊದಿಸುವಾಗ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಆ ಬಿಗಿತ ಅವಳಿಗೆ ಗೊತ್ತಿತ್ತು.

ನಿಂಗಿ ಉಳಿಯಲಿಲ್ಲ. ಮಗು ಉಳಿಯಿತು.

ಆ ಮಗುವನ್ನು ಸೂಲಗಿತ್ತಿಯೇ ಸಾಕಿದಳು. ಹೊಳೆಯಾಚೆಯವರು ಕೂಸನ್ನು ಒಯ್ಯಲು ಬರಲಿಲ್ಲ. ಅಂದು ಬಿಚ್ಚಿದ ಬಾಯಿಬಟ್ಟೆಯನ್ನು ಮತ್ತೆ ಕಟ್ಟಿದಳು. ಅನ್ನ ಬೇಯಿಸುವಾಗ, ಮಗುವಿಗೆ ತಿನ್ನಿಸುವಾಗ, ಮಲಗಿಸುವಾಗ ಬಟ್ಟೆ ಇತ್ತು. ತಾನು ಉಣ್ಣುವಾಗ ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂರುವಳು. ಮಗು ಬಿದ್ದು ಮೊಣಕಾಲು ತರಚಿಕೊಂಡು ಅಳುತ್ತ ಬಂದರೆ ನೀರು ಹಾಕುವಳು, ಮುಖ ಬೇರೆ ಕಡೆ ತಿರುಗಿಸಿಕೊಂಡು ಅರಿಸಿನ ಹಚ್ಚುವಳು. ಒಮ್ಮೆಯೂ ಮುತ್ತು ಕೊಡಲಿಲ್ಲ. ಜೋಗುಳವನ್ನೂ ಹಾಡಲಿಲ್ಲ.

ಮಗುವಿಗೆ ಮಾತು ಬಂದ ಮೇಲೆ ಒಂದು ದಿನ ಕೇಳಿತು. “ಅಜ್ಜೀ, ನಿನಗೆ ಹಲ್ಲು ಇದೆಯಾ?”

“ಇದೆ.”

“ಎಷ್ಟಿದೆ? ತೋರಿಸು.”

“ದೊಡ್ಡವಳಾದ ಮೇಲೆ ನೋಡುವೆಯಂತೆ.”

ಆ ಹೊತ್ತಿಗೆ ಗಂಟಲಿನ ಒಕ್ಕಲು ಇತ್ತೋ ಇಲ್ಲವೋ ಯಾರಿಗೂ ತಿಳಿಯದು. ಬಹುಶಃ ಯಾವಾಗಲೋ ಬಿಟ್ಟುಹೋಗಿತ್ತು. ಬಂದದ್ದನ್ನು ಹೇಳದ ಹಾಗೆ ಹೋದದ್ದನ್ನೂ ಅದು ಹೇಳಲಿಲ್ಲ. ವೈದ್ಯ ಆ ಕಡೆಗೆ ಮತ್ತೆ ಬರಲಿಲ್ಲ. ಸೂಲಗಿತ್ತಿ ಸಾಯುವವರೆಗೂ ಬಟ್ಟೆ ಬಿಚ್ಚಲಿಲ್ಲ. ಸತ್ತ ಮೇಲೆ ಮೈ ತೊಳೆದ ಹೆಂಗಸರು ಅದನ್ನು ಬಿಚ್ಚಲು ಹೋದರು. ಬೇಡ ಎಂದಿತು ಆ ಮಗು. ಅಜ್ಜಿಗೆ ಇಷ್ಟವಿಲ್ಲ ಎಂದಿತು.

ಕತೆ ಮುಗಿಯಿತು.

ಶಿಷ್ಯೆ ಔಷಧಿ ಶೀಶೆಯ ಮುಚ್ಚಳ ಬಿಗಿದಳು. ಆಮೇಲೆ ಕೇಳಿದಳು. “ಹಾಗಾದರೆ ಗುರುತೇ ಇಲ್ಲವೇ ಅಮ್ಮ?”

“ಅದಕ್ಕೆ ಹೆಸರಿದೆ, ಆಕಾರವಿದೆ, ರಕ್ತ ಕರಗಿಸುವ ಗುಣವಿದೆ. ನೀನು ತಟ್ಟೆಯಲ್ಲಿ ಕಂಡೆಯಲ್ಲ. ಆದರೆ ಒಕ್ಕಲು ಎನ್ನುವುದು, ಕೊಲೆಗಾರ ಎನ್ನುವುದು ಅದರ ಮೈಮೇಲೆ ಎಲ್ಲೂ ಬರೆದಿಲ್ಲ. ನಿನ್ನ ಕರುಳಲ್ಲಿ ಸುಮ್ಮನಿರುವುದು ಮೂತ್ರದ ದಾರಿಗೆ ಹೋದರೆ ಉರಿ ಎಬ್ಬಿಸುತ್ತದೆ, ರಕ್ತಕ್ಕೆ ಇಳಿದರೆ ಕೊಲ್ಲುತ್ತದೆ. ಅದು ಬದಲಾಗಿರುವುದಿಲ್ಲ. ಅದು ಇರುವ ಜಾಗ ಬದಲಾಗಿರುತ್ತದೆ. ಅದಕ್ಕೆ ಹಗೆಯೂ ಇಲ್ಲ, ಸ್ನೇಹವೂ ಇಲ್ಲ. ಸಿಕ್ಕಿದ ಕಡೆ ಬದುಕುತ್ತದೆ.”

“ನನಗೆ ಈಗ ಗುಳಿಗೆ ಇದೆ.”

“ಇದೆ. ಪೂರ್ತಿ ನುಂಗು. ಮತ್ತೆ ತಟ್ಟೆ ಇಟ್ಟು ನೋಡುವವರೆಗೆ ಕಾಯಿ.”

ಶಿಷ್ಯೆ ಎದ್ದು ನಿಂತಳು. ಅವಳ ಕಣ್ಣು ಒದ್ದೆಯಾಗಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು. “ಸರಿಯಮ್ಮ. ಅಲ್ಲಿಯವರೆಗೆ ವಾರ್ಡಿನ ಹೊಸಿಲು ತುಳಿಯುವುದಿಲ್ಲ. ಆ ಹುಡುಗಿ ಅತ್ತರೆ ಅಳಲಿ. ಬೇರೆಯವರು ಕೈ ಹಿಡಿಯಲಿ. ಪಾಪ, ಆ ಸೂಲಗಿತ್ತಿಗೆ ಹೇಳಿದರೂ ತಿಳಿಯಲಿಲ್ಲ. ಉಸಿರೂ ಕೊಳೆಯಾಗಬಹುದು ಎಂದು ಆ ಕಾಲದವರಿಗೆ ಹೊಳೆಯುವುದು ಹೇಗೆ? ನಾವು ಓದಿದವರು. ನನಗೆ ತಿಳಿಯಿತು.”

ಗುರು ತಮ್ಮ ಅಂಗೈಗೆ ಶಿಷ್ಯೆ ಸುತ್ತಿದ್ದ ಬಟ್ಟೆಯ ಗಂಟನ್ನು ಇನ್ನೊಂದು ಕೈಯಿಂದ ಬಿಚ್ಚಿದರು. ಸುತ್ತು ಸುತ್ತಾಗಿ ಅದನ್ನು ತೆಗೆದು ಬುಟ್ಟಿಗೆ ಹಾಕಿದರು. ನಲ್ಲಿಯ ಹತ್ತಿರ ಹೋದರು. ಸೀಳಿದ ಅಂಗೈಯನ್ನು ನೀರಿಗೆ ಹಿಡಿದು ಸೋಪು ತೆಗೆದುಕೊಂಡರು.

ಶಿಷ್ಯೆ ಹತ್ತಿರ ಬಂದಳು. “ಯಾಕಮ್ಮ ಬಿಚ್ಚಿದಿರಿ? ನಾನು ಚೆನ್ನಾಗಿಯೇ ತೊಳೆದಿದ್ದೆನಲ್ಲ?”

“ಚೆನ್ನಾಗಿಯೇ ತೊಳೆದೆ ಮಗಳೇ, ತೊಳೆದ ಮೇಲೆ ಬಾಯಿಂದ ಊದಿದೆಯಲ್ಲ.”